ನಿಮಗಿದು ಗೊತ್ತೆ? ಹತ್ತು ವರ್ಷಕ್ಕೆ ಲಕ್ಷವೂ ಹೆಚ್ಚದ ಜಿಲ್ಲೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನು ಒಳಗೊಂಡ ತುಮಕೂರು ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 26,78,980. ಅಮೆರಿಕದ ಪಿಟ್ಸ್‌ಬರ್ಗ್ ಮಹಾನಗರ ಪ್ರದೇಶದಲ್ಲಿ 2020ರಲ್ಲಿದ್ದವರು ಸುಮಾರು 23.7 ಲಕ್ಷ; ನಮ್ಮ ಜಿಲ್ಲೆ ಅದಕ್ಕಿಂತ ದೊಡ್ಡದು! ಆದರೆ 2011ರಲ್ಲಿ ನಮ್ಮಲ್ಲಿ ನೂರಕ್ಕೆ 78 ಮಂದಿ ಹಳ್ಳಿವಾಸಿಗಳು.

ಅಚ್ಚರಿಯಿರುವುದು ಬೆಳವಣಿಗೆಯಲ್ಲಿ. 2001ರಲ್ಲಿ ಜಿಲ್ಲೆಯಲ್ಲಿ 25,84,711 ಜನರಿದ್ದರು. ಹತ್ತು ವರ್ಷಗಳಲ್ಲಿ ಹೆಚ್ಚಿದ್ದು ಶೇ 3.65 ಮಾತ್ರ. ಅದೇ ಅವಧಿಯಲ್ಲಿ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು, ಬೆಂಗಳೂರು ನಗರ ಜಿಲ್ಲೆಯದು ಶೇ 47ರಷ್ಟು ಏರಿತು. ನಮ್ಮಲ್ಲಿ ಕುಟುಂಬಗಳು ಚಿಕ್ಕವಾದದ್ದು ನಿಜ; ಆದರೆ ಅದೊಂದೇ ಕಾರಣವಲ್ಲ. ಮಳೆ ನಂಬಿದ ಬೇಸಾಯ ಬಿಟ್ಟು ಬೆಂಗಳೂರಿನ ಬಸ್ಸು ಹತ್ತಿದ ಮಕ್ಕಳು ಇಲ್ಲಿನ ಯಾವ ಹಳ್ಳಿಯಲ್ಲಿಲ್ಲ ಹೇಳಿ? ಊರಿನ ಶಾಲೆ, ಬಸ್ಸು, ಆಸ್ಪತ್ರೆಗಳ ಯೋಜನೆ ರೂಪಿಸುವವರು ಈ ಅಂಕಿಯನ್ನು ಗಮನಿಸಲೇಬೇಕು.

2011ರಲ್ಲಿ ಸಾವಿರ ಪುರುಷರಿಗೆ ಜಿಲ್ಲೆಯಲ್ಲಿ 984 ಮಹಿಳೆಯರಿದ್ದರು. ರಾಜ್ಯದ ಸರಾಸರಿ 973. ಜಿಲ್ಲೆಯ ಸಾಕ್ಷರತೆ ಶೇ 75 ಇತ್ತು.

2021ರ ಜನಗಣತಿ ನಡೆಯಲಿಲ್ಲ. ಮುಂದಿನದಕ್ಕೆ ನಿಗದಿಯಾದ ಗಣನಾ ದಿನ 2027ರ ಮಾರ್ಚ್ 1. ಎಣಿಕೆಯವರು ಬಂದಾಗ ಮನೆಯ ಒಬ್ಬರನ್ನೂ ಬಿಡದೆ ಬರೆಸಿ.