ಕೌದಿ: ಮನೆಮಂದಿಯ ನೆನಪು ಹೊಲಿದ ಹೊದಿಕೆ

ಧಾರವಾಡದಿಂದ ಲೋಂಡಾ ಕಡೆಗೆ ಹೊರಟ ರೈಲು ಮುಗದ ನಿಲ್ದಾಣ ತಲುಪುವಷ್ಟರಲ್ಲಿ ನೆಲದ ಬಣ್ಣವೇ ಬದಲಾಗಿರುತ್ತದೆ. ಹುಬ್ಬಳ್ಳಿ, ನವಲಗುಂದದ ಕಡೆಯ ಎರೆಹೊಲಗಳು ಹಿಂದೆ ಉಳಿದು ಕೆಂಪು ಮಣ್ಣು, ಭತ್ತದ ಗದ್ದೆ, ದೊಡ್ಡದೊಂದು ಕೆರೆ ಕಣ್ಣಿಗೆ ಬೀಳುತ್ತವೆ. 'ಮುಗದ ಸುಗಂಧ' ಎಂಬ ಭತ್ತದ ತಳಿಗೆ ಹೆಸರು ಕೊಟ್ಟ ಊರಿದು. ಇಲ್ಲಿಂದ ಅಳ್ನಾವರ, ಹಳಿಯಾಳದ ಕಡೆಗೆ ಹೋದಂತೆಲ್ಲ ಮಲೆನಾಡಿನ ಸೆರಗು ಬಿಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲಿ ದಿನಗಟ್ಟಲೆ ಬಿಡದ ಜಿಟಿಜಿಟಿ, ಮಾಗಿಯಲ್ಲಿ ಕೊರೆಯುವ ಥಂಡಿ. ಈ ಸೀಮೆಯ ಮನೆಗಳಲ್ಲಿ ಮಡಚಿ ಪೇರಿಸಿಟ್ಟ ಹೊದಿಕೆಗಳ ನಡುವೆ ಬಣ್ಣಬಣ್ಣದ ತುಂಡುಗಳ ದಪ್ಪ ಕೌದಿಯೊಂದು ಇರಲೇಬೇಕು ಎಂಬುದು ಹಳೆಯ ರೂಢಿ.

ಧಾರವಾಡವೆಂದರೆ ಸೂಜಿಯ ಕೆಲಸದಲ್ಲಿ ಮೊದಲು ನೆನಪಾಗುವುದು ಕಸೂತಿ. ಇಳಕಲ್ಲ ಸೀರೆಯ ಸೆರಗಿನ ಮೇಲೆ ಗೋಪುರ, ತೇರು, ಆನೆ, ತುಳಸಿಕಟ್ಟೆಗಳನ್ನು ಎಳೆ ಎಣಿಸಿ ತೆಗೆಯುವ ಈ ಕಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ಪುಸ್ತಕಗಳು ಬಂದಿವೆ, ತರಬೇತಿಗಳು ನಡೆದಿವೆ. ಆದರೆ ಕಸೂತಿ ಹಬ್ಬ ಹುಣ್ಣಿಮೆಗೆ ಪೆಟ್ಟಿಗೆಯಿಂದ ಹೊರಬರುವ ಸೊಗಸು. ಕೌದಿ ಹಾಗಲ್ಲ. ಅದು ದಿನವೂ ಹಾಸುವ, ಹೊದೆಯುವ, ಚಕ್ಕಡಿಯಲ್ಲಿ ಹರವುವ, ಕೂಸಿನ ತೊಟ್ಟಿಲಿಗೆ ಹಾಕುವ ವಸ್ತು. ದಿನಬಳಕೆಯದು ಎಂಬ ಕಾರಣಕ್ಕೇ ಅದನ್ನು ಕಲೆ ಎಂದು ಕರೆಯುವವರು ಬಹುಕಾಲ ಇರಲಿಲ್ಲ.

ಹಳೆಯದೇ ಬೇಕು

ಕೌದಿಗೆ ಹೊಸ ಬಟ್ಟೆ ಆಗಿಬರುವುದಿಲ್ಲ. ಇದಕ್ಕೆ ಬಡತನವೊಂದೇ ಕಾರಣವಲ್ಲ. ಹತ್ತಾರು ವರ್ಷ ಒಗೆಸಿಕೊಂಡ ಹತ್ತಿಯ ಸೀರೆ, ಧೋತರಗಳ ಗಂಜಿ ಪೂರ್ತಿ ಹೋಗಿ ಎಳೆಗಳು ಮೆತ್ತಗಾಗಿರುತ್ತವೆ. ನಾಲ್ಕೈದು ಪದರಗಳನ್ನು ಒಂದರ ಮೇಲೊಂದು ಹಾಸಿದರೂ ಸೂಜಿ ಸಲೀಸಾಗಿ ದಾಟುತ್ತದೆ. ಪದರಗಳ ನಡುವೆ ಸಿಕ್ಕಿಬಿದ್ದ ಗಾಳಿ ಮೈಯ ಬಿಸಿಯನ್ನು ಹಿಡಿದಿಡುತ್ತದೆ. ಕೌದಿ ಬೆಚ್ಚಗಿರುವುದರ ಗುಟ್ಟು ಇದು. ಹತ್ತಿಯಾದ್ದರಿಂದ ಬೆವರನ್ನೂ ಹೀರುತ್ತದೆ. ಬಾಣಂತಿಯ ಕೋಣೆಯಲ್ಲಿ ಕೂಸಿಗೆ ಹೊಸ ಬಟ್ಟೆಗಿಂತ ಅಜ್ಜಿಯ ಹಳೆಯ ಸೀರೆಯ ಕೌದಿಯೇ ಹಿತ ಎಂದು ಹಿರಿಯರು ಹೇಳುತ್ತಿದ್ದುದರಲ್ಲಿ ಅರ್ಥವಿದೆ.

ಹೊಲಿಯುವ ಕ್ರಮ ನೋಡಲು ಸುಲಭ, ಮಾಡಲು ತ್ರಾಸಿನದು. ಮೊದಲು ಹಳೆಯ ಬಟ್ಟೆಗಳನ್ನು ಒಗೆದು ಒಣಗಿಸಿ, ಹೊಲಿಗೆ ಬಿಚ್ಚಿ, ಪೂರಾ ಹರಿದ ಭಾಗ ತೆಗೆದುಹಾಕುತ್ತಾರೆ. ಗಟ್ಟಿ ಉಳಿದ ಸೀರೆಯೊಂದನ್ನು ಅಳತೆಗೆ ಮಡಚಿ ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಮೂಲೆಗಳಿಗೆ ಭಾರ ಇಡುತ್ತಾರೆ. ಅದರ ಮೇಲೆ ಒಳಪದರಗಳು. ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳು: ಖಣದ ಕುಪ್ಪಸದ ಚೂರು, ಅಂಗಿಯ ಬೆನ್ನು, ಮಗಳ ಲಂಗದ ಅಂಚು. ಮೊದಲು ಸುತ್ತಲಿನ ಅಂಚನ್ನು ಭದ್ರಪಡಿಸಿ, ಬಳಿಕ ಅಂಚಿನಿಂದ ಒಳಗೆ ಸಾಲು ಸಾಲಾಗಿ ಸಾದಾ ಹೊಲಿಗೆ ಹಾಕುತ್ತ ನಡುವಿಗೆ ಬರುತ್ತಾರೆ. ಬಟ್ಟೆ ದೊಡ್ಡದಾದ್ದರಿಂದ ಹೊಲಿಯುವವರು ಅದರ ಮೇಲೆಯೇ ಕುಳಿತು, ಸಾಲು ಮುಂದುವರಿದಂತೆ ತಾವೂ ಸರಿಯುತ್ತಾರೆ.

ಇದರ ದುಡಿಮೆ ಎಷ್ಟು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಹಾಕಬಹುದು. 6 ಅಡಿ ಉದ್ದ, 5 ಅಡಿ ಅಗಲದ ಕೌದಿಯಲ್ಲಿ ಇಂಚಿಗೊಂದು ಸಾಲು ಎಂದರೂ 60 ಸಾಲು. ಒಟ್ಟು 360 ಅಡಿ ಹೊಲಿಗೆ. ಇಂಚಿಗೆ ಮೂರು ಹೊಲಿಗೆಯಂತೆ ಹಿಡಿದರೆ ಸುಮಾರು 13 ಸಾವಿರ ಸಲ ಸೂಜಿ ಆಡಬೇಕು. ಸಾಲುಗಳು ಅರ್ಧ ಇಂಚಿಗೊಂದು ಇದ್ದರೆ ಇದರ ಇಮ್ಮಡಿ. ಸಾಲು ಒತ್ತಾದಷ್ಟೂ ಕೌದಿ ಗಟ್ಟಿ. ಒಗೆಯುವ ಬಂಡೆಯ ಮೇಲೆ ಅದರ ಪರೀಕ್ಷೆ ನಡೆಯುತ್ತದೆ. ಮಹಾನವಮಿಗೆ ಮುಂಚೆ ಹಾಸಿಗೆ ಹೊದಿಕೆಗಳನ್ನೆಲ್ಲ ಕೆರೆಗೋ ಹಳ್ಳಕ್ಕೋ ಹೊತ್ತೊಯ್ದು ಒಗೆಯುವ ಪದ್ಧತಿ ಈ ಭಾಗದಲ್ಲಿದೆ. ನೀರು ಕುಡಿದ ಕೌದಿಯನ್ನು ಒಬ್ಬರೇ ಎತ್ತುವುದು ಕಷ್ಟ. ಇಬ್ಬರು ಎರಡು ತುದಿ ಹಿಡಿದು ಹಿಂಡಬೇಕು.

ಕೆಲಸವೋ, ಹವ್ಯಾಸವೋ?

ಪಟ್ಟಣದ ಓದುಬಲ್ಲವರ ಮನೆಯಲ್ಲಿ ಹೆಣಿಗೆಯನ್ನು ಹವ್ಯಾಸ ಎನ್ನುತ್ತಾರೆ. ಉಣ್ಣೆಯ ಉಂಡೆ, ಎರಡು ಕಡ್ಡಿ ಹಿಡಿದು ಸ್ವೆಟರ್ ಹೆಣೆಯುವುದು, ಕ್ರೋಶಾದಲ್ಲಿ ಬಾಗಿಲ ತೋರಣ ಮಾಡುವುದು ಈ ಸಾಲಿಗೆ ಸೇರಿದವು. ಇವು ನಮ್ಮಲ್ಲಿ ಬೇರು ಬಿಟ್ಟದ್ದರ ಹಿಂದೆ ಮಿಶನರಿಗಳ ಪಾತ್ರವೂ ಇದೆ. ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ ಬಂದಿತು. 19ನೆಯ ಶತಮಾನದ ಮಿಶನರಿಗಳು ನಡೆಸುತ್ತಿದ್ದ ಬಾಲಕಿಯರ ಶಾಲೆಗಳಲ್ಲಿ ಅಕ್ಷರದ ಜೊತೆಗೆ ಸೂಜಿಯ ಕೆಲಸವೂ ಪಾಠವಾಗಿತ್ತು. ಮುಂದೆ ಅದು ಮಧ್ಯಮ ವರ್ಗದ ಮನೆಗಳ ಮಧ್ಯಾಹ್ನವನ್ನು ತುಂಬಿತು.

ಕೌದಿಗೆ ಇಂಥ ಶಾಲೆ ಇರಲಿಲ್ಲ. ಸುಗ್ಗಿ ಮುಗಿದು ಮುಂಗಾರು ಹಿಡಿಯುವ ತನಕ ಹೊಲದ ಕೆಲಸ ಕಡಿಮೆ. ಅಡುಗೆ ಮುಗಿಸಿ, ದನಕರುಗಳಿಗೆ ನೀರು ಕುಡಿಸಿದ ಮೇಲೆ ಪಡಸಾಲೆಯಲ್ಲಿ ಸಿಗುವ ಒಂದೆರಡು ತಾಸು ಕೌದಿಯ ಪಾಲು. ಅತ್ತೆ ಒಂದು ಅಂಚಿಗೆ, ಸೊಸೆ ಇನ್ನೊಂದು ಅಂಚಿಗೆ ಕೂಡುತ್ತಾರೆ. ನೆರೆಮನೆಯವರು ಮಾತಾಡಲೆಂದು ಬಂದು ತಾವೂ ಸೂಜಿ ಹಿಡಿಯುತ್ತಾರೆ. ಕೈ ತನ್ನ ಪಾಡಿಗೆ ಓಡುತ್ತಿದ್ದರೆ ಬಾಯಿಗೆ ಬಿಡುವು. ಊರ ಸುದ್ದಿ, ಮಕ್ಕಳ ಮದುವೆ, ಹಾಡು, ಒಗಟು ಎಲ್ಲವೂ ಆ ಸಾಲುಗಳ ನಡುವೆ ಬಂದುಹೋಗುತ್ತವೆ. ಹತ್ತು ವರ್ಷದ ಹುಡುಗಿ ಬದಿಗೆ ಕುಳಿತು ಸೂಜಿಗೆ ದಾರ ಪೋಣಿಸಿಕೊಡುತ್ತಲೇ ಕೆಲಸ ಕಲಿಯುತ್ತಾಳೆ.

ಹಾಗಾಗಿ ಇದು ಕೆಲಸವೂ ಹೌದು, ಬಿಡುವೂ ಹೌದು. ಸುಮ್ಮನೆ ಕೂಡುವ ಹಕ್ಕಿಲ್ಲದ ಹೆಣ್ಣುಮಕ್ಕಳಿಗೆ ಕೂಡಲು ಒಂದು ನೆವ ಕೊಟ್ಟದ್ದು ಕೌದಿ. ಸೂಜಿ ಕೈಯಲ್ಲಿದ್ದರೆ ಹರಟೆಗೆ ಕೂತಿದ್ದಾಳೆ ಎಂದು ಯಾರೂ ಆಕ್ಷೇಪಿಸುವಂತಿಲ್ಲ!

ತಾವೇ ಹೊಲಿಯಲು ಪುರುಸೊತ್ತಿಲ್ಲದವರ ಮನೆಗೆ ಅಲೆಮಾರಿ ಸಮುದಾಯಗಳ ಮಹಿಳೆಯರು ಬರುತ್ತಿದ್ದರು. 'ಕೌದಿ ಹೊಲಸ್ತೀರೇನ್ರೀ ಯವ್ವಾ' ಎಂಬ ಕೂಗು ಉತ್ತರ ಕರ್ನಾಟಕದ ಓಣಿಗಳಿಗೆ ಪರಿಚಿತ. ಬಟ್ಟೆ ಮನೆಯವರದು, ಕೈ ಅವರದು. ಕೂಲಿಗೆ ದುಡ್ಡಿನ ಜೊತೆ ಕಾಳುಕಡಿಯೂ ಸೇರುತ್ತಿತ್ತು. ಒಂದು ಮನೆಯಲ್ಲಿ ಹವ್ಯಾಸವಾಗಿದ್ದದ್ದು ಇನ್ನೊಬ್ಬರಿಗೆ ಹೊಟ್ಟೆಪಾಡು ಎಂಬುದನ್ನು ಮರೆಯುವಂತಿಲ್ಲ.

ಕಂತೆಯ ನಂಟರು

ಹಳೆಯ ಬಟ್ಟೆ ಕೂಡಿಸಿ ಹೊದಿಕೆ ಮಾಡುವ ಬುದ್ಧಿ ಒಂದು ಸೀಮೆಯ ಸೊತ್ತಲ್ಲ. ಮಹಾರಾಷ್ಟ್ರದಲ್ಲಿ ಇದು ಗೋಧಡಿ, ಬಿಹಾರದಲ್ಲಿ ಸುಜನಿ, ಸಿಂಧ್ ಮತ್ತು ರಾಜಸ್ಥಾನದ ಕಡೆ ರಲ್ಲಿ. ಬಂಗಾಳದ ಕಾಂಥಾ ಎಂಬ ಹೆಸರಿನ ಮೂಲ ಸಂಸ್ಕೃತದ 'ಕಂಥಾ'. ಸನ್ಯಾಸಿಗಳು ತೊಡುತ್ತಿದ್ದ ತೇಪೆಯ ಬಟ್ಟೆಗೆ ಕನ್ನಡದಲ್ಲಿ 'ಕಂತೆ' ಎನ್ನುವುದೂ ಇದರಿಂದಲೇ. ವಿಚಿತ್ರವೆಂದರೆ, ಮಾತಿನಲ್ಲಿ 'ತೇಪೆ ಹಚ್ಚುವುದು' ಎಂದರೆ ತಾತ್ಕಾಲಿಕವಾಗಿ ಸುಧಾರಿಸುವುದು, ಹುಳುಕು ಮುಚ್ಚುವುದು ಎಂದೇ ಅರ್ಥ. ಕೌದಿಯಲ್ಲಿ ಮಾತ್ರ ತೇಪೆ ಮುಚ್ಚುಮರೆಯಲ್ಲ, ಅದೇ ಅಲಂಕಾರ.

ಮುಗದಕ್ಕೆ ಪಶ್ಚಿಮದ ಕಾಡಂಚಿನಲ್ಲೇ ಕೌದಿಯ ಅತ್ಯಂತ ಹೆಸರಾದ ನಂಟ ಇದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿ ನೆಲೆಸಿರುವ, ಆಫ್ರಿಕಾ ಮೂಲದ ಸಿದ್ದಿ ಜನಾಂಗದ ಮಹಿಳೆಯರು ಹೊಲಿಯುವ ಹೊದಿಕೆಗೆ 'ಕವಂದ್' ಎಂಬ ಹೆಸರಿದೆ. ಇವರು ಉತ್ತರ ಕನ್ನಡ ಜಿಲ್ಲೆಯಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಈ ಮಾನ್ಯತೆ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳಿಗೂ ವಿಸ್ತರಿಸಿತು. ಇವರ ಕವಂದ್‌ನಲ್ಲಿ ಗಾಢ ಬಣ್ಣದ ತುಂಡುಗಳು ಎದ್ದು ಕಾಣುತ್ತವೆ. ಕೊನೆಯಲ್ಲಿ ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ 'ಫುಲಾ' ಅಂದರೆ ಹೂವು ಕೂಡಿಸುತ್ತಾರೆ. ಹೂವಿಲ್ಲದ ಕವಂದ್ ಅವರ ಕಣ್ಣಿಗೆ ಅಪೂರ್ಣ. ಸಿದ್ದಿಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಕೆಲವು ಹೊದಿಕೆಗಳಲ್ಲಿ ಶಿಲುಬೆಯೋ ಅರ್ಧಚಂದ್ರವೋ ಇರುತ್ತದೆ. ಹೊಲಿಗೆ ಮಾತ್ರ ಎಲ್ಲರದೂ ಒಂದೇ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಹೊದಿಕೆಗಳನ್ನು ಅಭ್ಯಾಸ ಮಾಡಿ, 2004ರಲ್ಲಿ ಸಿದ್ದಿ ಮಹಿಳೆಯರ ಸಹಕಾರಿ ಗುಂಪು ರೂಪುಗೊಳ್ಳಲು ನೆರವಾದರು. 2011ರಲ್ಲಿ ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಕವಂದ್‌ಗಳ ಪ್ರದರ್ಶನ ನಡೆಯಿತು. ಇದಕ್ಕೂ ಮುಂಚೆ, 2002ರಲ್ಲಿ, ಅಮೆರಿಕದ ಅಲಬಾಮಾ ರಾಜ್ಯದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಮಹಿಳೆಯರು ಹಳೆಯ ಕೆಲಸದ ಬಟ್ಟೆಗಳಿಂದ ಹೊಲಿದ ಹೊದಿಕೆಗಳು ವಸ್ತುಸಂಗ್ರಹಾಲಯಗಳ ಗೋಡೆ ಏರಿದ್ದವು. 2006ರಲ್ಲಿ ಅಲ್ಲಿನ ಅಂಚೆ ಇಲಾಖೆ ಅವುಗಳ ಚಿತ್ರದ ಚೀಟಿಗಳನ್ನೇ ಹೊರಡಿಸಿತು. ಎರಡೂ ಕಡೆ ಹೊಲಿದವರು ಚಳಿಯನ್ನು ನೆನೆದು ಹೊಲಿದರು, ನೋಡಿದವರು ಚಿತ್ರಕಲೆಯನ್ನು ಕಂಡರು.

ಹತ್ತಿ ಹೋಯಿತು, ಭಾಂಡೆ ಬಂತು

ಕೌದಿಗೆ ಪೆಟ್ಟು ಬಿದ್ದದ್ದು ಮೊದಲು ಕಪಾಟಿನಲ್ಲಿ. ಧಾರವಾಡ ಜಿಲ್ಲೆ ಹತ್ತಿಯ ನಾಡು. 1972ರಲ್ಲಿ ಬಿ.ಎಚ್. ಕಟರಕಿ ಅವರು 'ವರಲಕ್ಷ್ಮಿ' ಸಂಕರಣ ತಳಿಯನ್ನು ಕೊಟ್ಟದ್ದು ಇಲ್ಲಿಯೇ. ಗರಗದ ಖಾದಿ, ಬೆಂಗೇರಿಯ ರಾಷ್ಟ್ರಧ್ವಜ ದೇಶಕ್ಕೇ ಪರಿಚಿತ. ಆದರೂ ಉಡುವ ಸೀರೆಯಲ್ಲಿ ಪಾಲಿಯೆಸ್ಟರ್ ಹತ್ತಿಯನ್ನು ಹಿಂದೆ ಹಾಕಿತು. 2021ರ ಕೊನೆಯಲ್ಲಿ ಧ್ವಜ ಸಂಹಿತೆ ತಿದ್ದುಪಡಿಯಾಗಿ ಧ್ವಜಕ್ಕೂ ಪಾಲಿಯೆಸ್ಟರ್ ಬಂದಿತು. ಈ ಬಟ್ಟೆ ಬೇಗ ಹರಿಯುವುದಿಲ್ಲ, ಬೆವರು ಹೀರುವುದಿಲ್ಲ, ಕೌದಿಯಲ್ಲಿ ಪದರಗಳು ಒಂದರ ಮೇಲೊಂದು ಜಾರುತ್ತವೆ. ಮಾಡಿದರೂ ಹತ್ತಿಯ ಹಿತ ಬಾರದು.

ಎರಡನೆಯ ಪೈಪೋಟಿ ಬಾಗಿಲಿಗೇ ಬಂತು. ಹಳೆಯ ಸೀರೆಗೆ ಸ್ಟೀಲ್ ಭಾಂಡೆ ಕೊಡುವ ವ್ಯಾಪಾರಿಗಳು ಓಣಿ ಓಣಿ ತಿರುಗತೊಡಗಿದ ಮೇಲೆ ಹಳೆಯ ಬಟ್ಟೆಗೂ ಒಂದು ಬೆಲೆ ಬಂದಿತು. ನಾಲ್ಕು ಸೀರೆ ಕೊಟ್ಟರೆ ಕೈಗೆ ಹೊಳೆಯುವ ಡಬ್ಬಿ. ಅದೇ ಸೀರೆಗಳಿಂದ ಕೌದಿ ಮಾಡಬೇಕೆಂದರೆ ವಾರಗಟ್ಟಲೆ ಸೂಜಿ ಹಿಡಿಯಬೇಕು. ಮೂರನೆಯದು ಅಂಗಡಿ. ಸೊಲ್ಲಾಪುರದ ಚಾದರ ಮೊದಲಿನಿಂದಲೂ ಇತ್ತು. ಅದರ ಹಿಂದೆ, ಚಿಂದಿ ಬಟ್ಟೆಯಿಂದ ಮತ್ತೆ ನೂಲು ತೆಗೆದು ಪಾಣಿಪತ್ತದ ಗಿರಣಿಗಳು ಮಾಡುವ ಅಗ್ಗದ ಕಂಬಳಿ ಬಂದಿತು. ಹಳೆಯ ಬಟ್ಟೆ ಹೊದಿಕೆಯಾಗುವುದು ನಿಂತಿಲ್ಲ, ಅದರ ದಾರಿ ಮನೆಯ ಪಡಸಾಲೆಯಿಂದ ಗಿರಣಿಗೆ ತಿರುಗಿದೆ ಅಷ್ಟೆ.

ಇದರಲ್ಲಿ ಅಳುವಂಥದ್ದೇನಿದೆ ಎಂದು ಕೇಳುವವರಿದ್ದಾರೆ. ಕೇಳುವುದರಲ್ಲಿ ತಪ್ಪಿಲ್ಲ. 13 ಸಾವಿರ ಸಲ ಸೂಜಿ ಆಡಿಸುವುದು ಕಣ್ಣಿಗೆ, ಬೆನ್ನಿಗೆ ಭಾರ. ಅದರಿಂದ ಬಿಡುಗಡೆ ಪಡೆದ ಹೆಣ್ಣುಮಗಳು ಶಾಲೆಗೋ ನೌಕರಿಗೋ ಹೋಗಿದ್ದರೆ ಅದು ಲಾಭವೇ. ಆದರೆ ಆ ಬಿಡುವಿನ ತಾಸುಗಳಲ್ಲಿ ನಾಲ್ಕು ಮನೆಯವರು ಒಂದು ಬಟ್ಟೆಯ ಸುತ್ತ ಕೂಡುವುದೂ ಅದರ ಜೊತೆಗೇ ಕಡಿಮೆಯಾಯಿತು.

ಈಗ ಕೌದಿಗೆ ಹೊಸ ಗಿರಾಕಿಗಳಿದ್ದಾರೆ. ನಗರದ ಕರಕುಶಲ ಮೇಳಗಳಲ್ಲಿ, ಅಂತರ್ಜಾಲದ ಅಂಗಡಿಗಳಲ್ಲಿ ಅದು ಮಾರಾಟಕ್ಕಿದೆ. ಬಟ್ಟೆ ಎಸೆಯದೆ ಮರುಬಳಸುವುದು ಪರಿಸರಕ್ಕೆ ಒಳ್ಳೆಯದು ಎಂಬ ಮಾತೂ ಸೇರಿಕೊಂಡಿದೆ. ಇದು ಸಂತೋಷದ ಸಂಗತಿ. ಬೆಲೆಯ ಮಾತು ಮಾತ್ರ ಬಗೆಹರಿದಿಲ್ಲ. ಕೊಳ್ಳುವವರು ಕೌದಿಯನ್ನು ಗಿರಣಿಯ ಕಂಬಳಿಯ ದರಕ್ಕೆ ಹೋಲಿಸಿದರೆ ಹೊಲಿದ ಕೈಗೆ ದಿನಗೂಲಿಯೂ ಗಿಟ್ಟದು. ದುಡಿಮೆಯ ತಾಸುಗಳನ್ನು ಲೆಕ್ಕ ಹಾಕಿ ಬೆಲೆ ಕಟ್ಟಿದರೆ ಮಾತ್ರ ಮುಂದಿನ ತಲೆಮಾರಿನ ಹುಡುಗಿ ಸೂಜಿ ಹಿಡಿದಾಳು.

ಮಾರುವ ಕೌದಿಗೂ ಮನೆಯ ಕೌದಿಗೂ ಒಂದು ವ್ಯತ್ಯಾಸ ಉಳಿದೇ ಉಳಿಯುತ್ತದೆ. ಕೊಂಡ ಕೌದಿಯಲ್ಲಿರುವುದು ಅಂದದ ತುಂಡುಗಳು. ಮನೆಯ ಕೌದಿಯಲ್ಲಿ ಇದು ಅಜ್ಜನ ಧೋತರ, ಇದು ದೊಡ್ಡಮ್ಮನ ಮದುವೆಯ ಸೀರೆ ಎಂದು ಬೆರಳಿಟ್ಟು ತೋರಿಸಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತದೆ ಗಾದೆ. ಕೌದಿ ಹೊಲಿಯುವವರು ಕಾಲು ಬೆಳೆದಂತೆ ಇನ್ನೊಂದು ತುಂಡು ಕೂಡಿಸಿ ಹಾಸಿಗೆಯನ್ನೇ ಬೆಳೆಸಿದರು. ಇಷ್ಟನ್ನು ಬಲ್ಲ ಹಿರಿಯರು ಮನೆಗಳಲ್ಲಿ ಇನ್ನೂ ಇದ್ದಾರೆ. ಪೆಟ್ಟಿಗೆಯ ತಳದಲ್ಲಿರುವ ಹಳೆಯ ಹತ್ತಿಯ ಸೀರೆಯನ್ನು ಭಾಂಡೆಗೆ ಹಾಕುವ ಮುನ್ನ ಅವರನ್ನೊಮ್ಮೆ ಕೇಳುವುದು ಒಳ್ಳೆಯದು.