ಊರಿನಿಂದ ಬೈಕಲ್ಲೇ ಲಡಾಖ್‌ಗೆ ಹೋದರೆ ಎತ್ತರ ಮೈಗೆ ಒಗ್ಗುತ್ತಾ?

ಮೇ ತಿಂಗಳು ಮುಗಿಯುತ್ತಾ ಬಂದಂತೆ ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಬೈಕ್ ಹುಚ್ಚಿನ ಹುಡುಗರ ನಡುವೆ ಲಡಾಖ್ ಮಾತು ಶುರುವಾಗುತ್ತದೆ. ಇಬ್ಬರು ಗೆಳೆಯರು, ಒಂದೋ ಎರಡೋ ಬೈಕು, ಹದಿನೈದು ಇಪ್ಪತ್ತು ದಿನದ ರಜೆ. ಆ ಮಾತಿನ ನಡುವೆ ಒಂದು ವಾದ ಬಂದೇ ಬರುತ್ತದೆ: “ವಿಮಾನದಲ್ಲಿ ಹೋಗಿ ಇಳಿಯೋರಿಗೆ ಉಸಿರು ಕಟ್ಟುತ್ತೆ. ನಾವು ಊರಿಂದ ಬೈಕಲ್ಲೇ ಹೋಗ್ತೀವಲ್ಲ, ಅಷ್ಟು ದಿನ ರಸ್ತೇಲೇ ಇರ್ತೀವಿ, ಮೈ ತಾನೇ ಒಗ್ಗಿಕೊಳ್ಳುತ್ತೆ. ಜೊತೇಲಿ ಒಂದಿಷ್ಟು ಕರ್ಪೂರ ಇಟ್ಕೊಂಡ್ರೆ ಸಾಕು.”

ವಿಮಾನದ ಮಾತಿನಲ್ಲಿ ಹುರುಳಿದೆ. ಉಳಿದದ್ದನ್ನು ಸ್ವಲ್ಪ ಬಿಡಿಸಿ ನೋಡೋಣ.

ಗುಂಡ್ಲುಪೇಟೆಯಿಂದ ಲೇಹ್‌ಗೆ ಮೂರು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರ. ಆದರೆ ಮೈ ಒಗ್ಗುವುದು ಕಿಲೋಮೀಟರ್‌ಗೆ ಅಲ್ಲ, ಎತ್ತರಕ್ಕೆ. ಗುಂಡ್ಲುಪೇಟೆ ಇರುವುದೇ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲೆ. ಬೆಂಗಳೂರು ದಾಟಿ ನಾಗಪುರ, ದೆಹಲಿ ಕಡೆ ಸಾಗುವವರು ಹತ್ತುತ್ತಿಲ್ಲ, ಇಳಿಯುತ್ತಿದ್ದಾರೆ. ನಾಗಪುರದ ಎತ್ತರ ಸುಮಾರು 310 ಮೀಟರ್, ದೆಹಲಿಯದು 215ರ ಆಸುಪಾಸು. ಅಂದರೆ ಪ್ರಯಾಣದ ಮೊದಲ ನಾಲ್ಕೈದು ದಿನ ನಮ್ಮ ಹುಡುಗರು ತಮ್ಮ ಊರಿಗಿಂತ ತಗ್ಗಿನಲ್ಲೇ ಇರುತ್ತಾರೆ! ನಿಜವಾದ ಏರು ಶುರುವಾಗುವುದು ಕೊನೆಯಲ್ಲಿ. ಮನಾಲಿ ಸುಮಾರು 2,050 ಮೀಟರ್. ಅಲ್ಲಿಂದ ಬೆಳಿಗ್ಗೆ ಹೊರಟು, 2020ರಲ್ಲಿ ತೆರೆದ ಅಟಲ್ ಸುರಂಗ ದಾಟಿ, ಬಾರಾಲಾಚಾ ಲಾ ಕಣಿವೆದಾರಿ ಹತ್ತಿಳಿದರೆ ಸಂಜೆಗೆ ಸರ್ಚು. ಅದರ ಎತ್ತರ 4,200 ಮೀಟರ್‌ಗೂ ಹೆಚ್ಚು. ಮೂರು ಸಾವಿರ ಕಿಲೋಮೀಟರ್ ಪ್ರಯಾಣದ ಕಷ್ಟವೆಲ್ಲ ಆ ಒಂದು ಹಗಲಿನಲ್ಲಿ ಬಂದು ಕೂತಿದೆ. ಸುರಂಗದಿಂದ ದಾರಿ ಸುಲಭವಾಯಿತು, ಆದರೆ ಅದೇ ಕಾರಣಕ್ಕೆ ಏರುವ ವೇಗವೂ ಹೆಚ್ಚಿತು.

“ನಾವು ಊಟಿ ಘಾಟಿ ಹತ್ತಿದವರು” ಎನ್ನುವವರಿಗೆ ಒಂದು ಮಾತು. ಬಂಡೀಪುರ ದಾಟಿ ಮಸಿನಗುಡಿಯಿಂದ ಕಲ್ಲಹಟ್ಟಿಯ 36 ಹೇರ್‌ಪಿನ್ ತಿರುವು ಹತ್ತುವಾಗ ಆಗುವ ವಾಂತಿ ಎತ್ತರದ ಕಾಯಿಲೆಯಲ್ಲ. ಕಣ್ಣು ಹೇಳುವುದಕ್ಕೂ ಕಿವಿಯೊಳಗಿನ ಸಮತೋಲನದ ಅಂಗ ಹೇಳುವುದಕ್ಕೂ ತಾಳೆಯಾಗದೆ ಬರುವ ಪ್ರಯಾಣದ ವಾಕರಿಕೆ ಅದು. ಊಟಿ ಇರುವುದು 2,240 ಮೀಟರ್‌ನಲ್ಲಿ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಣಿಸಿಕೊಳ್ಳುವುದು 2,500 ಮೀಟರ್‌ನಿಂದ ಮೇಲೆ ರಾತ್ರಿ ಕಳೆದಾಗ. ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟ 1,450 ಮೀಟರ್ ಚಿಲ್ಲರೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ. ಹಾಗಾಗಿ ನಮ್ಮ ರಾಜ್ಯದಲ್ಲಿ ಎಷ್ಟು ಬೆಟ್ಟ ಹತ್ತಿದರೂ ಈ ಕಾಯಿಲೆಯ ಪರಿಚಯವೇ ಆಗುವುದಿಲ್ಲ.

ಅಲ್ಲಿ ಆಮ್ಲಜನಕ ಕಡಿಮೆಯಾ?

ಗಾಳಿಯಲ್ಲಿ ಆಮ್ಲಜನಕದ ಪಾಲು ಎಲ್ಲಿ ಹೋದರೂ ಶೇ. 21ರಷ್ಟೇ. ಕಡಿಮೆಯಾಗುವುದು ಗಾಳಿಯ ಒತ್ತಡ. ಸಮುದ್ರಮಟ್ಟದ ಒತ್ತಡಕ್ಕೆ ಹೋಲಿಸಿದರೆ ಗುಂಡ್ಲುಪೇಟೆಯಲ್ಲಿ ಸುಮಾರು ಶೇ. 91, ಲೇಹ್‌ನಲ್ಲಿ (3,500 ಮೀಟರ್) ಶೇ. 65, ಖಾರ್ದುಂಗ್ ಲಾದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ನಿಮ್ಮ ಬೈಕಿಗೂ ಇದೇ ಕಥೆ. ಹಳೆಯ ಕಾರ್ಬುರೇಟರ್ ಗಾಡಿಯಲ್ಲಿ ಗಾಳಿ ತೆಳುವಾದರೂ ಪೆಟ್ರೋಲ್ ಮೊದಲಿನಷ್ಟೇ ಬರುವುದರಿಂದ ಕಪ್ಪು ಹೊಗೆ ಬರುತ್ತದೆ, ಪ್ಲಗ್‌ಗೆ ಮಸಿ ಹಿಡಿಯುತ್ತದೆ. ಫ್ಯೂಯಲ್ ಇಂಜೆಕ್ಷನ್ ಇರುವ ಗಾಡಿ ಪೆಟ್ರೋಲನ್ನು ತಾನೇ ತಗ್ಗಿಸಿಕೊಳ್ಳುತ್ತದೆ, ಆದರೆ ಶಕ್ತಿ ಅದರಲ್ಲೂ ಕುಂದುತ್ತದೆ.

ನಮ್ಮ ಮೈ ಮಾಡುವ ಮೊದಲ ಕೆಲಸ ಜೋರಾಗಿ ಉಸಿರಾಡುವುದು. ಇಲ್ಲೊಂದು ತೊಡಕಿದೆ. ಹೆಚ್ಚು ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತ ಕ್ಷಾರೀಯವಾಗುತ್ತದೆ. ಅದು ಗೊತ್ತಾದ ಕೂಡಲೇ ಮೆದುಳು ಉಸಿರಾಟಕ್ಕೆ ಲಗಾಮು ಹಾಕುತ್ತದೆ. ಮೊದಲ ರಾತ್ರಿಗಳಲ್ಲಿ ನಿದ್ದೆಯಲ್ಲಿ ಉಸಿರು ಆಗಾಗ ನಿಂತಂತಾಗಿ ಬೆಚ್ಚಿ ಏಳುವುದು ಈ ಜಗ್ಗಾಟದಿಂದಲೇ. ಇದನ್ನು ಬಗೆಹರಿಸುವುದು ಶ್ವಾಸಕೋಶವಲ್ಲ, ಮೂತ್ರಪಿಂಡ! ಅದು ಎರಡು ಮೂರು ದಿನಗಳಲ್ಲಿ ಬೈಕಾರ್ಬನೇಟನ್ನು ಮೂತ್ರದಲ್ಲಿ ಹೊರಹಾಕಿ ರಕ್ತವನ್ನು ಹದಕ್ಕೆ ತರುತ್ತದೆ. ಆಮೇಲೆ ಲಗಾಮು ಸಡಿಲವಾಗುತ್ತದೆ. ಲೇಹ್‌ನಲ್ಲಿ “ಎರಡು ದಿನ ಸುಮ್ಮನೆ ಬಿದ್ದುಕೊಳ್ಳಿ” ಎಂದು ಹೇಳುವುದು ಇದೇ ಕಾರಣಕ್ಕೆ. ಕೆಂಪು ರಕ್ತಕಣ ಹೆಚ್ಚುವುದಕ್ಕೆ ವಾರಗಳೇ ಬೇಕು, ನಿಮ್ಮ ರಜೆ ಅಷ್ಟು ದಿನ ಇರುವುದಿಲ್ಲ. ವೈದ್ಯರು ಕೊಡುವ ಅಸೆಟಜೋಲಮೈಡ್ ಮಾತ್ರೆ ಮಾಡುವುದೂ ಮೂತ್ರಪಿಂಡದ ಈ ಕೆಲಸವನ್ನು ಚುರುಕುಗೊಳಿಸುವುದನ್ನೇ. ಸಲ್ಫಾ ಔಷಧಿ ಆಗದವರು ವೈದ್ಯರಿಗೆ ಮೊದಲೇ ಹೇಳಬೇಕು, ಗೆಳೆಯನ ಚೀಟಿ ನೋಡಿ ತಂದು ನುಂಗುವಂಥದ್ದಲ್ಲ.

ಗಟ್ಟಿಮುಟ್ಟಾಗಿರುವವರಿಗೆ ಏನೂ ಆಗುವುದಿಲ್ಲ ಎಂಬ ನಂಬಿಕೆಗೆ ನಮ್ಮ ಸೇನೆಯೇ ಉತ್ತರ ಕೊಟ್ಟಿದೆ. 1962ರ ಚೀನಾ ಯುದ್ಧದ ಕಾಲದಲ್ಲಿ ಸೈನಿಕರನ್ನು ತಗ್ಗಿನಿಂದ ನೇರವಾಗಿ ಹಿಮಾಲಯದ ಎತ್ತರಕ್ಕೆ ಸಾಗಿಸಬೇಕಾಯಿತು. ಎತ್ತರದಲ್ಲಿ ಕಾಯಿಲೆ ಬಿದ್ದ 1,925 ಸೈನಿಕರನ್ನು ಸೇನಾ ವೈದ್ಯ ಇಂದರ್ ಸಿಂಗ್ ಮತ್ತು ಸಂಗಡಿಗರು ಅಧ್ಯಯನ ಮಾಡಿ, 1969ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟಿಸಿದರು. ಈ ವಿಷಯದಲ್ಲಿ ಜಗತ್ತು ಇಂದಿಗೂ ಉಲ್ಲೇಖಿಸುವ ಕೆಲಸವದು. ಅವರೆಲ್ಲ ಕಸರತ್ತು ಮಾಡಿದ ಮೈಯವರು. ನನಗನ್ನಿಸುವುದು, ಗಟ್ಟಿಗರಿಗೇ ಅಪಾಯ ತುಸು ಹೆಚ್ಚು. ತಲೆನೋವಿದ್ದರೂ ಅವರು ಮುಂದಕ್ಕೆ ಹೋಗುತ್ತಾರೆ.

ಕರ್ಪೂರದ ಕಥೆ

ಕರ್ಪೂರ ಮೂಸಿದರೆ ಮೂಗು ತೆರೆದಂತೆ ಅನ್ನಿಸುವುದು ಸುಳ್ಳಲ್ಲ. ಆದರೆ ಅದು ಅನ್ನಿಸಿಕೆ ಮಾತ್ರ. ಕರ್ಪೂರ, ನೀಲಗಿರಿ ಎಣ್ಣೆ, ಮೆಂಥಾಲ್ ಇವುಗಳನ್ನು ಮೂಸಿಸಿ 1980ರ ದಶಕದಲ್ಲಿ ಬ್ರಿಟನ್‌ನಲ್ಲಿ ಅಳೆದು ನೋಡಿದ್ದಾರೆ. ಗಾಳಿ ಹೆಚ್ಚು ಬರುತ್ತಿದೆ ಎಂದು ಜನ ಹೇಳಿದರು, ಆದರೆ ಮೂಗಿನೊಳಗೆ ಗಾಳಿಗಿದ್ದ ತಡೆ ಬದಲಾಗಿರಲಿಲ್ಲ. ಇವು ಮೂಗಿನ ನರಗಳಿಗೆ ತಂಪಿನ ಸುಳಿವು ಕೊಡುತ್ತವೆ, ಅಷ್ಟೇ. ಅದೂ ಅಲ್ಲದೆ ಎತ್ತರದಲ್ಲಿ ಸಮಸ್ಯೆ ಇರುವುದು ಮೂಗಿನಲ್ಲಲ್ಲವಲ್ಲ! ಮೂಸುವುದರಿಂದ ದೊಡ್ಡ ಹಾನಿಯಿಲ್ಲ. ನುಂಗಿದರೆ ಮಾತ್ರ ಅದು ವಿಷ, ಫಿಟ್ಸ್ ಬರಬಹುದು.

ಹಾಗಾದರೆ “ನನಗೆ ಕರ್ಪೂರದಿಂದ ವಾಸಿಯಾಯ್ತು” ಎನ್ನುವವರು ಇಷ್ಟು ಜನ ಏಕಿದ್ದಾರೆ? ಸೌಮ್ಯವಾದ ಎತ್ತರದ ಕಾಯಿಲೆ ಇನ್ನೂ ಮೇಲೆ ಏರದಿದ್ದರೆ ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ಆ ಹೊತ್ತಿನಲ್ಲಿ ಕೈಯಲ್ಲಿ ಏನಿತ್ತೋ ಅದಕ್ಕೆ ಹೆಸರು ಬರುತ್ತದೆ. ವಾಸಿಯಾಗದವರು ವಿಡಿಯೋ ಮಾಡಿ ಹಾಕುವುದಿಲ್ಲ. ಸಂದೇಶಗಳು ಹೇಗೆ ಹರಡುತ್ತವೆ ಎಂದು ಓದಿದ ನನಗೆ ಕರ್ಪೂರಕ್ಕಿಂತ ಕುತೂಹಲದ್ದು ಈ ಸೋಸುವಿಕೆ.

ರಮ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬಿಸಿ ಅನ್ನಿಸುತ್ತದೆ, ಮೈಯ ಶಾಖ ಮಾತ್ರ ಹೊರಗೆ ಹೋಗುತ್ತದೆ. ನಿದ್ದೆಯಲ್ಲಿ ಉಸಿರಾಟವನ್ನೂ ತಗ್ಗಿಸುತ್ತದೆ. ಅಂಗಡಿಯಲ್ಲಿ ಸಿಗುವ ಪುಟ್ಟ ಆಮ್ಲಜನಕದ ಡಬ್ಬಿ ಬರುವುದು ಕೆಲವೇ ನಿಮಿಷ.

ಚಾಮರಾಜನಗರದವರು ವಿಶೇಷವಾಗಿ ಗಮನಿಸಬೇಕಾದದ್ದು ಒಂದಿದೆ. ಸೋಲಿಗರೂ ಸೇರಿದಂತೆ ನಮ್ಮ ಕಾಡಂಚಿನ ಸಮುದಾಯಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಕಂಡುಬರುತ್ತದೆ. ಈ ಕಾಯಿಲೆ ಇರುವವರಿಗೆ ಎತ್ತರ ಅಪಾಯಕಾರಿ. ಕಾಯಿಲೆಯಿಲ್ಲದೆ ಅದರ ಒಂದು ಜೀನ್ ಮಾತ್ರ ಹೊತ್ತವರು ಊರಿನಲ್ಲಿ ಆರಾಮವಾಗಿಯೇ ಇರುತ್ತಾರೆ, ಆದರೆ ಲಡಾಖ್‌ನಂಥ ಎತ್ತರದಲ್ಲಿ ಅವರ ಗುಲ್ಮಕ್ಕೆ ರಕ್ತ ನಿಂತು ಹೊಟ್ಟೆಯ ಎಡಭಾಗದಲ್ಲಿ ವಿಪರೀತ ನೋವು ಬರಬಹುದು. ಕುಟುಂಬದಲ್ಲಿ ಯಾರಿಗಾದರೂ ಇದ್ದರೆ ಹೊರಡುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿಕೊಳ್ಳಿ. 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ ಕೇಂದ್ರಬಿಂದು ಈ ತಪಾಸಣೆಯೇ.

ಜೊತೆಗಾರ ನೋಡಬೇಕಾದದ್ದು

ತಲೆನೋವು, ವಾಕರಿಕೆ, ಸುಸ್ತು ಇವಿಷ್ಟೇ ಇದ್ದರೆ ಅಲ್ಲೇ ನಿಲ್ಲಬೇಕು, ಮುಂದೆ ಹತ್ತಬಾರದು. ಸುಮ್ಮನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿರಬಹುದು. ಮಾತು ತೊದಲಿದರೆ, ಹೆಜ್ಜೆ ತಪ್ಪಿದರೆ ಮೆದುಳು ಊದಿಕೊಳ್ಳುತ್ತಿದೆ ಎಂದೇ ಲೆಕ್ಕ. ಕಷ್ಟವೆಂದರೆ, ಅಷ್ಟು ಹೊತ್ತಿಗೆ ರೋಗಿಗೇ ಇದು ತಿಳಿಯುವುದಿಲ್ಲ, “ನಂಗೇನೂ ಆಗಿಲ್ಲ ನಡಿಯೋ” ಅನ್ನುತ್ತಾನೆ. ಅದಕ್ಕೇ ಪರೀಕ್ಷೆ ಗೆಳೆಯನೇ ಮಾಡಬೇಕು. ನೆಲದ ಮೇಲೆ ಗೆರೆ ಎಳೆದು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸುತ್ತಾ ನಡೆಯಲು ಹೇಳಿ. ವಾಲಿದರೆ ವಾದ ಬೇಡ, ಬೆಳಗಾಗಲೆಂದು ಕಾಯುವುದೂ ಬೇಡ. ಅವನನ್ನು ಬೈಕಿನ ಹಿಂದೆ ಕೂರಿಸದೆ ಯಾವುದಾದರೂ ಕಾರು, ಲಾರಿ ಹಿಡಿದು ತಗ್ಗಿಗೆ ಇಳಿಸಿ.

ಸರ್ಚುವಿನ ತೊಂದರೆ ಇರುವುದು ಇಲ್ಲೇ. ಮನಾಲಿ ಕಡೆ ಇಳಿಯಬೇಕೆಂದರೆ ಮೊದಲು 4,800 ಮೀಟರ್ ಮೀರಿದ ಬಾರಾಲಾಚಾ ಲಾ ಹತ್ತಬೇಕು. ಲೇಹ್ ಕಡೆ ಹೋಗಲು 5,000 ಮೀಟರ್ ದಾಟಿದ ಲಾಚುಂಗ್ ಲಾ, ಆಮೇಲೆ ತಂಗ್ಲಾಂಗ್ ಲಾ. ಎತ್ತ ಹೋದರೂ ರೋಗಿಯನ್ನು ಮೊದಲು ಮೇಲಕ್ಕೇ ಒಯ್ಯಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದೆಂದು ವೈದ್ಯರು ಹೇಳುವ ಲೆಕ್ಕಕ್ಕೆ ಈ ರಸ್ತೆ ಸುಲಭವಾಗಿ ಒಗ್ಗುವುದಿಲ್ಲ. ಶ್ರೀನಗರದಿಂದ ಕಾರ್ಗಿಲ್ ಮೂಲಕ ಹೋಗುವ ದಾರಿಯಲ್ಲಿ ಕಾರ್ಗಿಲ್ ಸುಮಾರು 2,700, ಲೇಹ್ 3,500 ಮೀಟರ್, ಹಾಗಾಗಿ ಹೋಗುವಾಗ ಅದು ವಾಸಿ, ಮನಾಲಿ ರಸ್ತೆಯನ್ನು ವಾಪಸ್ಸಿಗೆ ಇಟ್ಟುಕೊಳ್ಳಬಹುದು. ಮನಾಲಿಯಿಂದಲೇ ಹತ್ತುವುದಾದರೆ 3,100 ಮೀಟರ್ ಸುಮಾರಿನ ಕೇಲಾಂಗ್‌ನಲ್ಲೋ, ಅದರಾಚೆಯ ಜಿಸ್ಪಾದಲ್ಲೋ ಎರಡು ರಾತ್ರಿ ಉಳಿಯಿರಿ. ಅಲ್ಲಿ ಯಾರಿಗಾದರೂ ತಲೆನೋವು ಬಂದರೂ ಮನಾಲಿಗೆ ಕೆಲವೇ ಗಂಟೆಯ ದಾರಿ, ನಡುವೆ ಹತ್ತಬೇಕಾದ ಕಣಿವೆದಾರಿಯೂ ಇಲ್ಲ.