ನೂರೈವತ್ತು ಗ್ರಾಮಿನ ಲೆಕ್ಕ

ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ನೀರು ಬೇಕು. ಆ ಮಂಚದ ಮೇಲೆ ಮಲಗಿದವರು ಇಡೀ ದಿನದಲ್ಲಿ ಕುಡಿಯಬಹುದಾದದ್ದು ಹೆಚ್ಚೆಂದರೆ ಒಂದು ಲೀಟರ್. ಶುದ್ಧ ಮಾಡಿ ಲವಣ ಬೆರೆಸಿದ ನೀರು ಯಂತ್ರದೊಳಗೆ ನಿಮಿಷಕ್ಕೆ 500 ಮಿಲಿಲೀಟರಿನಂತೆ ನಾಲ್ಕು ಗಂಟೆ ಹರಿಯುತ್ತದೆ. ವಾರಕ್ಕೆ ಮೂರು ಸಲ, ವರ್ಷಕ್ಕೆ 156 ಸಲ. ಒಬ್ಬ ರೋಗಿಗೆ ವರ್ಷಕ್ಕೆ 18,720 ಲೀಟರ್ ಆಯಿತು. ಬೇಸಿಗೆಯಲ್ಲಿ ಬೆಂಗಳೂರಿನ ಬೀದಿಗಳಿಗೆ ಬರುವ ಆರು ಸಾವಿರ ಲೀಟರಿನ ಟ್ಯಾಂಕರ್‌ಗಳು ಮೂರು ಖಾಲಿಯಾಗುವಷ್ಟು ನೀರು. ಇಷ್ಟೂ ಖರ್ಚಾಗುವುದು ಮುಷ್ಟಿಯಷ್ಟು ದೊಡ್ಡದಾದ, 150 ಗ್ರಾಂ ಆಸುಪಾಸು ತೂಗುವ ಒಂದು ಅಂಗದ ಕೆಲಸವನ್ನು ಅರೆಬರೆಯಾಗಿ ಮಾಡಿಕೊಡಲು!

ಆ ಅಂಗ ಸರಿಯಿದ್ದಾಗ ಅದರ ಕಡೆ ನಮ್ಮ ಗಮನವೇ ಹೋಗುವುದಿಲ್ಲ. ಎರಡೂ ಕಿಡ್ನಿಗಳನ್ನು ಸೇರಿಸಿದರೂ ದೇಹದ ತೂಕದ ನೂರರಲ್ಲಿ ಅರ್ಧ ಪಾಲಷ್ಟೆ. ಆದರೆ ಹೃದಯ ಚಿಮ್ಮಿಸುವ ರಕ್ತದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗ, ನಿಮಿಷಕ್ಕೆ ಒಂದು ಲೀಟರಿಗೂ ಮಿಕ್ಕಿ, ಈ ಎರಡಕ್ಕೇ ಹೋಗುತ್ತದೆ. ಒಂದೊಂದರಲ್ಲೂ ಸುಮಾರು 10 ಲಕ್ಷ ಸೋಸುವ ಘಟಕಗಳಿವೆ. ಒಂದೊಂದು ಘಟಕದ ನಳಿಕೆಯೂ ಮೂರು ಸೆಂಟಿಮೀಟರಿಗೆ ಕಡಿಮೆ ಇಲ್ಲ. ಎಲ್ಲವನ್ನೂ ಬಿಡಿಸಿ ಉದ್ದಕ್ಕೆ ಜೋಡಿಸಿದರೆ ಒಂದೇ ಕಿಡ್ನಿಯೊಳಗೆ 30 ಕಿಲೋಮೀಟರ್ ದಾರಿ! ದಿನಕ್ಕೆ 180 ಲೀಟರ್ ದ್ರವ ಇಲ್ಲಿ ಸೋಸಿಹೋಗುತ್ತದೆ. ಅದರಲ್ಲಿ ಮೂತ್ರವಾಗಿ ಹೊರಗೆ ಹೋಗುವುದು ಒಂದೂವರೆ, ಎರಡು ಲೀಟರ್. ಉಳಿದದ್ದನ್ನೆಲ್ಲ, ಬೇಕಾದ ಉಪ್ಪು, ಸಕ್ಕರೆಯ ಸಮೇತ, ಕಿಡ್ನಿ ಮತ್ತೆ ರಕ್ತಕ್ಕೆ ಒಪ್ಪಿಸುತ್ತದೆ. ನಾವು ನಿದ್ದೆಯಲ್ಲಿದ್ದಾಗಲೂ ಇದು ನಡೆಯುತ್ತಲೇ ಇರುತ್ತದೆ.

ಯಂತ್ರಕ್ಕೆ ಅಷ್ಟು ಪುರುಸೊತ್ತಿಲ್ಲ. ವಾರದಲ್ಲಿ 168 ಗಂಟೆ. ಯಂತ್ರ ಕೆಲಸ ಮಾಡುವುದು 12 ಗಂಟೆ. ಉಳಿದ 156 ಗಂಟೆ ಕುಡಿದ ನೀರು, ತಿಂದ ಉಪ್ಪು, ಹಣ್ಣಿನ ಪೊಟ್ಯಾಸಿಯಂ ಎಲ್ಲವೂ ಮೈಯಲ್ಲೇ ಕೂಡಿಕೊಳ್ಳುತ್ತಾ ಹೋಗುತ್ತವೆ. ಹಾಗಾಗಿ ಡಯಾಲಿಸಿಸ್ ವಾರ್ಡಿನಲ್ಲಿ ಮೊದಲು ಎದುರಾಗುವುದು ತೂಕದ ಯಂತ್ರ. "ಎಷ್ಟು ಜಾಸ್ತಿ ಬಂದಿದೆ ಅಣ್ಣಾ?" ಎಂದು ಟೆಕ್ನಿಷಿಯನ್ ಕೇಳುತ್ತಾರೆ. "ಎರಡೂವರೆ." "ಹಬ್ಬದಲ್ಲಿ ಉಪ್ಪಿನಕಾಯಿ ತಿಂದ್ರಾ?" ಅದು ಬೊಜ್ಜಲ್ಲ, ಎರಡೂವರೆ ಲೀಟರ್ ನೀರು. ಇನ್ನು ನಾಲ್ಕು ಗಂಟೆಯಲ್ಲಿ ಅಷ್ಟನ್ನೂ ರಕ್ತದಿಂದ ಎಳೆದು ತೆಗೆಯಬೇಕು. ಎಳೆದು ಮುಗಿಯುವ ಹೊತ್ತಿಗೆ ಕಾಲಿನ ಸ್ನಾಯು ಹಿಡಿದುಕೊಳ್ಳುತ್ತದೆ, ಬಿಪಿ ಇಳಿಯುತ್ತದೆ. ಮನೆಗೆ ಬಂದವರಿಗೆ ಆ ದಿನ ಎದ್ದು ಓಡಾಡಲು ತ್ರಾಣವಿರುವುದಿಲ್ಲ. ಸಲಕ್ಕೆ ಎರಡು ದಪ್ಪ ಸೂಜಿ, ವರ್ಷಕ್ಕೆ 312. ಅವು ಚುಚ್ಚಿಕೊಳ್ಳುವುದು ಒಂದೇ ಕೈಗೆ. ಅಲ್ಲಿ ಅಪಧಮನಿ, ಅಭಿಧಮನಿಗಳನ್ನು ಕೂಡಿಸಿ ಫಿಸ್ಟುಲಾ ಮಾಡಿರುತ್ತಾರೆ. ಅದರ ಮೇಲೆ ಬೆರಳಿಟ್ಟರೆ ಒಳಗೆ ರಕ್ತ ಗುಂಯ್‌ಗುಟ್ಟುವುದು ತಿಳಿಯುತ್ತದೆ.

ಮನೆಯಲ್ಲಿ ಹೆಂಡತಿ ಅಥವಾ ತಾಯಿ ತರಕಾರಿ ಹೆಚ್ಚಿ, ಪೊಟ್ಯಾಸಿಯಂ ಇಳಿಯಲೆಂದು ನೀರಲ್ಲಿ ನೆನೆಸಿ, ಬೇಯಿಸಿದ ನೀರನ್ನೂ ಬಸಿದು, ಆಮೇಲೆ ಪಲ್ಯ ಮಾಡುತ್ತಾರೆ. ಎಳನೀರು, ಬಾಳೆಹಣ್ಣು ಬಂದ್. ಬಾಯಾರಿಕೆ ತಡೆಯಲಾರದವರು ಐಸ್ ತುಂಡು ಚೀಪುತ್ತಾರೆ. ಊರಿಗೆ ಹೋಗುವುದು, ಮದುವೆ ಮುಂಜಿ, ಕೆಲಸದ ಪಾಳಿ ಎಲ್ಲವನ್ನೂ ಆ ಮೂರು ದಿನ ತಪ್ಪಿಸಿ ಇಟ್ಟುಕೊಳ್ಳಬೇಕು. ಯಂತ್ರದ ಹಾಸಿಗೆಯ ಮೇಲೆಯೇ ವರ್ಷಕ್ಕೆ 624 ಗಂಟೆ, ಅಂದರೆ ಹಗಲು ರಾತ್ರಿ ಸೇರಿ 26 ದಿನ. ಹೋಗಿ ಬರುವ ಬಸ್ಸಿನ ಹೊತ್ತು ಇದರಲ್ಲಿ ಸೇರಿಲ್ಲ.

ಇದರಿಂದ ಬಿಡುಗಡೆಯ ದಾರಿ ಬೇರೊಬ್ಬರ ಕಿಡ್ನಿಯ ಕಸಿ. ಆ ಶಸ್ತ್ರಚಿಕಿತ್ಸೆಗೆ ಮೂರು, ನಾಲ್ಕು ಗಂಟೆ ಹಿಡಿಯುತ್ತದೆ. ಡಯಾಲಿಸಿಸ್‌ನ ಒಂದು ಸರದಿಗೆ ಹಿಡಿಯುವಷ್ಟೇ ಹೊತ್ತು. ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದೇ ಇಲ್ಲ ಎಂದರೆ ಅನೇಕರು ನಂಬುವುದಿಲ್ಲ. ಅವು ಬೆನ್ನ ಬದಿಯಲ್ಲಿ ಇದ್ದಲ್ಲೇ ಇರುತ್ತವೆ. ಹೊಸದನ್ನು ಕೆಳಹೊಟ್ಟೆಯ ಒಂದು ಪಕ್ಕದಲ್ಲಿಟ್ಟು, ಕಾಲಿಗೆ ಹೋಗುವ ದೊಡ್ಡ ರಕ್ತನಾಳಗಳಿಗೆ ಹೊಲಿಯುತ್ತಾರೆ. ಕಸಿಯಾದವರ ಹೊಟ್ಟೆಯಲ್ಲಿ ಮೂರು ಕಿಡ್ನಿ; ಕೆಲಸ ಮಾಡುವುದು ಒಂದು. ಹಿಡಿದಿದ್ದ ಚಿಮುಟಗಳನ್ನು ಸಡಿಲಿಸುತ್ತಲೇ, ಮಂಜುಗಡ್ಡೆಯ ತಂಪಿನಲ್ಲಿ ಬೂದುಬಣ್ಣಕ್ಕೆ ತಿರುಗಿದ್ದ ಅಂಗ ಕ್ಷಣದಲ್ಲಿ ಗುಲಾಬಿಯಾಗುತ್ತದೆ. ಬಹಳ ಸಲ ಮೇಜಿನ ಮೇಲೆಯೇ ಮೂತ್ರ ಹನಿಯಲು ಶುರು. ವರ್ಷಗಟ್ಟಲೆ ಮೂತ್ರವನ್ನೇ ಕಾಣದವರಿಗೆ ಮೊದಲ ದಿನಗಳಲ್ಲಿ ಲೀಟರುಗಟ್ಟಲೆ ಬರುವುದುಂಟು. ನರ್ಸ್‌ಗಳು ಗಂಟೆಗೊಮ್ಮೆ ಚೀಲ ಅಳೆದು ಬರೆದುಕೊಳ್ಳುತ್ತಾರೆ. ರಕ್ತದಲ್ಲಿ ಎಂಟೋ ಹತ್ತೋ ಇದ್ದ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಮಟ್ಟ, ಎಲ್ಲವೂ ನೆಟ್ಟಗಿದ್ದರೆ, ಕೆಲವೇ ದಿನಗಳಲ್ಲಿ ಒಂದು ಚಿಲ್ಲರೆಗೆ ಇಳಿಯುತ್ತದೆ. "ನೀರು ಕಡಿಮೆ ಕುಡಿಯಿರಿ" ಎನ್ನುತ್ತಿದ್ದ ಡಾಕ್ಟರೇ ಈಗ "ಮೂರು ಲೀಟರ್ ಕುಡಿಯಿರಿ" ಎನ್ನುತ್ತಾರೆ. ಬದುಕಿರುವಾಗಲೇ ಒಂದು ಕಿಡ್ನಿ ಕೊಟ್ಟವರ ದೇಹದಲ್ಲಿ ಉಳಿದ ಒಂಟಿ ಕಿಡ್ನಿಯೂ ಸುಮ್ಮನಿರುವುದಿಲ್ಲ. ಕೆಲವು ವಾರಗಳಲ್ಲಿ ಹಿಗ್ಗಿ, ಮೊದಲು ಎರಡೂ ಸೇರಿ ಮಾಡುತ್ತಿದ್ದ ಕೆಲಸದ ನೂರಕ್ಕೆ ಎಪ್ಪತ್ತರಷ್ಟನ್ನು ಅದೊಂದೇ ಹೊರುತ್ತದೆ.

ಇನ್ನು ಮಾತ್ರೆಗಳು. ಕಸಿಯಾದವರ ದೇಹ ಹೊಸ ಕಿಡ್ನಿಯನ್ನು ಎಂದಿಗೂ ಪೂರ್ತಿ ತನ್ನದೆಂದು ಒಪ್ಪುವುದಿಲ್ಲ. ರೋಗನಿರೋಧಕ ಕಣಗಳನ್ನು ಹದದಲ್ಲಿಡಲು ಟ್ಯಾಕ್ರೋಲಿಮಸ್ ಎಂಬ ಔಷಧ, ಸಾಮಾನ್ಯವಾಗಿ 12 ಗಂಟೆಗೊಮ್ಮೆ, ವರ್ಷಕ್ಕೆ 730 ಸಲ. ದಿನಕ್ಕೆ 3 ಮಿಲಿಗ್ರಾಂ ನುಂಗುವವರು ಇಡೀ ವರ್ಷದಲ್ಲಿ ತೆಗೆದುಕೊಳ್ಳುವ ಔಷಧದ ತೂಕ ಎಷ್ಟು ಗೊತ್ತೇ? ಒಂದು ಗ್ರಾಂ ಚಿಲ್ಲರೆ. ಒಂದು ಮಿಲಿಲೀಟರ್ ರಕ್ತದಲ್ಲಿ ಅದು 5ರಿಂದ 10 ನ್ಯಾನೋಗ್ರಾಂ ಮಟ್ಟದಲ್ಲಿ ನಿಲ್ಲಬೇಕು. ನ್ಯಾನೋಗ್ರಾಂ ಎಂದರೆ ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು. ಸ್ವಲ್ಪ ಇಳಿದರೆ ದೇಹ ಕಿಡ್ನಿಯ ಮೇಲೆ ಬೀಳುತ್ತದೆ, ಏರಿದರೆ ಔಷಧವೇ ಕಿಡ್ನಿಯನ್ನು ಕೆಡಿಸುತ್ತದೆ. ಎಳನೀರು ವಾಪಸ್ ಸಿಕ್ಕವರಿಗೆ ದೇವನಹಳ್ಳಿ ಚಕ್ಕೋತ ದೂರವಾಗುವುದು ಇದೇ ಕಾರಣಕ್ಕೆ. ಅದು ರಕ್ತದಲ್ಲಿ ಈ ಔಷಧದ ಮಟ್ಟವನ್ನು ಏರಿಸಿಬಿಡಬಹುದು. ಈ ಔಷಧ ಸಿಕ್ಕಿದ್ದು 1984ರಲ್ಲಿ, ಜಪಾನಿನ ತ್ಸುಕುಬಾದ ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ. ಅದಕ್ಕೂ ಮುಂಚೆ, 1954ರ ಡಿಸೆಂಬರ್ 23ರಂದು, ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಮಾಡಿದ ಮೊದಲ ಯಶಸ್ವಿ ಕಸಿ ಅವಳಿ ಅಣ್ಣತಮ್ಮಂದಿರ ನಡುವೆ ಆಗಿತ್ತು. ಇಬ್ಬರ ದೇಹವೂ ಒಂದೇ ಅಚ್ಚಿನದಾದ್ದರಿಂದ ಜಗಳವಿರಲಿಲ್ಲ. ಪಡೆದ ರಿಚರ್ಡ್ ಹೆರಿಕ್ ಎಂಟು ವರ್ಷ ಬದುಕಿದರು. ಕೊಟ್ಟ ರೊನಾಲ್ಡ್ 2010ರವರೆಗೆ, ಒಂದೇ ಕಿಡ್ನಿಯಲ್ಲಿ 56 ವರ್ಷ ಬಾಳಿದರು.

ಇಲ್ಲಿಂದ ಮುಂದಿನ ಅಂಕಿಗಳು ನೆಮ್ಮದಿ ಕೊಡುವಂಥವಲ್ಲ. ಭಾರತದಲ್ಲಿ ವರ್ಷಕ್ಕೆ ಸುಮಾರು 2 ಲಕ್ಷ ಜನರಿಗೆ ಕಿಡ್ನಿ ಬೇಕು ಎಂಬ ಅಂದಾಜಿದೆ. 2023ರಲ್ಲಿ ನಡೆದ ಕಿಡ್ನಿ ಕಸಿ 13 ಸಾವಿರದ ಆಸುಪಾಸು. ಅದರಲ್ಲೂ 11 ಸಾವಿರಕ್ಕಿಂತ ಹೆಚ್ಚು ಮನೆಯವರೋ ಬಂಧುಗಳೋ ಬದುಕಿರುವಾಗಲೇ ಕೊಟ್ಟವು. ಹಾಗೆ ಕೊಡುವವರಲ್ಲಿ ಬಹುಪಾಲು ಹೆಂಗಸರು, ತಾಯಿ ಅಥವಾ ಹೆಂಡತಿ. 1995ರಿಂದ 2021ರವರೆಗಿನ ರಾಷ್ಟ್ರೀಯ ಅಂಕಿಅಂಶ ನೋಡಿದರೆ ಅಂಗ ಪಡೆದ ಐವರಲ್ಲಿ ನಾಲ್ವರು ಗಂಡಸರು. ಗಂಡನಿಗೆ ಕೊಡುವ ಹೆಂಡತಿಯನ್ನು ಎಲ್ಲರೂ ಹೊಗಳುತ್ತಾರೆ. ಹೆಂಡತಿಗೆ ಕೊಡುವ ಗಂಡ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಇದು ನಮ್ಮ ಮನೆಗಳ ಅನ್ಯಾಯವೇ ಹೊರತು ಆಸ್ಪತ್ರೆಯದಲ್ಲ.

ಮಿದುಳು ನಿಷ್ಕ್ರಿಯವಾದ ಒಬ್ಬ ವ್ಯಕ್ತಿಯಿಂದ ಎಂಟು ಜನಕ್ಕೆ ಅಂಗ ಸಿಗಬಹುದು. 2023ರಲ್ಲಿ ಇಡೀ ದೇಶದಲ್ಲಿ ಹಾಗೆ ಕೊಟ್ಟವರು 1,099 ಮಂದಿ. ಹತ್ತು ಲಕ್ಷ ಜನಕ್ಕೆ ಒಬ್ಬರೂ ಇಲ್ಲ; ಸ್ಪೇನಿನಲ್ಲಿ ಹತ್ತಿರ ಹತ್ತಿರ 50. ಅದೇ ವರ್ಷ ನಮ್ಮ ರಸ್ತೆಗಳಲ್ಲಿ ಸತ್ತವರು 1 ಲಕ್ಷ 70 ಸಾವಿರಕ್ಕೂ ಹೆಚ್ಚು. ಅವರೆಲ್ಲರೂ ದಾನಿಗಳಾಗಬಹುದಿತ್ತು ಎಂದಲ್ಲ, ಬಹಳ ಜನ ಆಸ್ಪತ್ರೆ ತಲುಪುವುದೇ ಇಲ್ಲ. ಆದರೂ ಈ ಎರಡು ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಎದೆ ಝಲ್ಲೆನ್ನುತ್ತದೆ. ಕೊರತೆಯಿರುವುದು ಸಾಗಾಟದಲ್ಲಲ್ಲ. ತೆಗೆದ ಹೃದಯಕ್ಕೆ ನಾಲ್ಕರಿಂದ ಆರು ಗಂಟೆ, ಲಿವರ್‌ಗೆ ಎಂಟರಿಂದ ಹನ್ನೆರಡು, ಕಿಡ್ನಿಗೆ ಹೆಚ್ಚೆಂದರೆ ಒಂದೂವರೆ ದಿನ ಅವಧಿಯಿದೆ, ಅಷ್ಟರೊಳಗೆ ಮುಟ್ಟಿಸುವುದು ನಮಗೆ ಗೊತ್ತು. 2025ರ ಆಗಸ್ಟ್ 1ರ ರಾತ್ರಿ ನಮ್ಮ ಮೆಟ್ರೊ ರೈಲಿನಲ್ಲೇ ಒಂದು ಲಿವರ್ ವೈಟ್‌ಫೀಲ್ಡಿನಿಂದ ರಾಜರಾಜೇಶ್ವರಿ ನಗರಕ್ಕೆ ಬಂದಿಳಿಯಿತು.

ಕೊರತೆಯಿರುವುದು ಐಸಿಯು ಹೊರಗಿನ ಬೆಂಚಿನಲ್ಲಿ. ನಾಲ್ವರು ವೈದ್ಯರ ತಂಡ ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಮಿದುಳು ನಿಷ್ಕ್ರಿಯ ಎಂದು ಬರೆದುಕೊಟ್ಟ ಮೇಲೆ, ಕಂಗಾಲಾಗಿ ಕೂತ ಮನೆಯವರ ಹತ್ತಿರ ಯಾರೋ ಬಂದು ಕೇಳುತ್ತಾರೆ. ಸತ್ತವರ ಮನಸ್ಸಿನಲ್ಲಿ ಏನಿತ್ತೋ ಅವರಿಗೆ ಗೊತ್ತಿರುವುದಿಲ್ಲ. ಗೊತ್ತಿಲ್ಲದವರು ಬೇಡ ಎನ್ನುವುದು ಸಹಜ. ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆಯಲ್ಲಿ ಹೆಸರು ನೋಂದಾಯಿಸಬಹುದು, ನೋಂದಾಯಿಸಿ. ಆದರೆ ನೀವು ಸಹಿ ಹಾಕಿದ್ದರೂ ಕೊನೆಗೆ ಒಪ್ಪಬೇಕಾದವರು ಮನೆಯವರೇ. ಹಾಗಾಗಿ ಹೆಂಡತಿಗೆ, ಗಂಡನಿಗೆ, ಮಕ್ಕಳಿಗೆ, ಅಪ್ಪ ಅಮ್ಮನಿಗೆ ನಿಮ್ಮ ಇಚ್ಛೆಯನ್ನು ಬಾಯಿಬಿಟ್ಟು ಹೇಳಿ, ಅವರ ಇಚ್ಛೆಯನ್ನೂ ಕೇಳಿಟ್ಟುಕೊಳ್ಳಿ.